ಹೆಸರು ಓದಿದರೆ ಸಾಲದು, ಹೇಗೆ ಸತ್ತರೆಂದೂ ಹೇಳಬೇಕು

ಅಕ್ಟೋಬರ್ 21 ಬಂತೆಂದರೆ ರಾಜ್ಯದ ಎಲ್ಲ ಜಿಲ್ಲಾ ಕೇಂದ್ರಗಳಲ್ಲೂ ಬೆಳಿಗ್ಗೆ ಒಂದೇ ತರಹದ ಕಾರ್ಯಕ್ರಮ. ಡಿಎಆರ್ ಮೈದಾನ, ಹೂವಿನಿಂದ ಸಿಂಗರಿಸಿದ ಸ್ಮಾರಕ, ಸಾಲಾಗಿ ನಿಂತ ಸಿಬ್ಬಂದಿ. ಜಿಲ್ಲಾಧಿಕಾರಿ ಅಥವಾ ಜಿಲ್ಲಾ ನ್ಯಾಯಾಧೀಶರು ಮುಖ್ಯ ಅತಿಥಿ. ಹಿಂದಿನ ವರ್ಷದ ಸೆಪ್ಟೆಂಬರ್ 1ರಿಂದ ಈ ವರ್ಷದ ಆಗಸ್ಟ್ 31ರವರೆಗೆ ದೇಶದಲ್ಲಿ ಕರ್ತವ್ಯದ ಮೇಲಿದ್ದಾಗ ಪ್ರಾಣ ಬಿಟ್ಟ ಪೊಲೀಸರ ಹೆಸರುಗಳನ್ನು ಎಸ್‌ಪಿ ಓದುತ್ತಾರೆ. ಪುಷ್ಪಗುಚ್ಛ, ಗಾಳಿಯಲ್ಲಿ ಗುಂಡು, ಬ್ಯೂಗಲ್, ಎರಡು ನಿಮಿಷ ಮೌನ. ಮಧ್ಯಾಹ್ನದ ಹೊತ್ತಿಗೆ ಪ್ರೆಸ್‌ನೋಟ್ ಮತ್ತು ನಾಲ್ಕು ಫೋಟೊ ನಮ್ಮಂಥವರ ವಾಟ್ಸ್ಆ್ಯಪ್ ಗುಂಪಿಗೆ ಬಂದು ಬೀಳುತ್ತವೆ. ಮರುದಿನ ಪೇಪರಿನಲ್ಲಿ ಮೂರು ಪ್ಯಾರಾ.

ಇದರಲ್ಲಿ ತಪ್ಪು ಹುಡುಕುವುದು ನನ್ನ ಉದ್ದೇಶವಲ್ಲ. ವರ್ಷಕ್ಕೊಮ್ಮೆಯಾದರೂ ಸತ್ತವರ ಹೆಸರನ್ನು ಗಟ್ಟಿಯಾಗಿ ಓದುವ ಇಲಾಖೆಗಳು ನಮ್ಮಲ್ಲಿ ಎಷ್ಟಿವೆ? ಲೈನ್‌ಮ್ಯಾನ್‌ಗಳು ಕಂಬದ ಮೇಲೆ ಸಾಯುತ್ತಾರೆ, ಪೌರಕಾರ್ಮಿಕರು ಗುಂಡಿಗಳಲ್ಲಿ ಸಾಯುತ್ತಾರೆ. ಅವರ ಹೆಸರು ಓದಲು ಒಂದು ದಿನವೂ ಇಲ್ಲ. ಆ ಲೆಕ್ಕದಲ್ಲಿ ಪೊಲೀಸ್ ಇಲಾಖೆ ವಾಸಿ.

ನನ್ನ ತಕರಾರು ಬೇರೆ. ಹೆಸರು ಓದುತ್ತೇವೆ, ಆದರೆ ಆ ಮನುಷ್ಯ ಹೇಗೆ ಸತ್ತ, ಯಾಕೆ ಸತ್ತ ಎಂದು ಹೇಳುವುದಿಲ್ಲ. ಅದನ್ನು ಹೇಳದೆ ಕೊಡುವ ಗೌರವ ಅರ್ಧ ಗೌರವ ಅಂತ ನನಗನ್ನಿಸುತ್ತದೆ.

ಅಕ್ಟೋಬರ್ 21ನ್ನೇ ಯಾಕೆ ಆರಿಸಿಕೊಂಡರು ಎಂಬ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಬಹಳಷ್ಟು ಪ್ರೆಸ್‌ನೋಟ್‌ಗಳಲ್ಲಿ "1959ರಲ್ಲಿ ಲಡಾಖ್‌ನಲ್ಲಿ ಚೀನಾ ಸೈನಿಕರ ದಾಳಿಗೆ 10 ಮಂದಿ ಪೊಲೀಸರು ಹುತಾತ್ಮರಾದ ನೆನಪಿಗಾಗಿ" ಎಂಬ ಒಂದು ಸಾಲು ಇರುತ್ತದೆ. ಅಷ್ಟಕ್ಕೇ ಮುಗಿಯಿತು. ಆದರೆ ಆ ಘಟನೆಯ ವಿವರ ಕೇಳಿದರೆ ಎದೆ ಹಿಡಿದಂತಾಗುತ್ತದೆ.

ಆಗ ಅಲ್ಲಿ ಐಟಿಬಿಪಿ ಇರಲಿಲ್ಲ, ಅದು ಹುಟ್ಟಿದ್ದು 1962ರಲ್ಲಿ. ಅಷ್ಟು ಎತ್ತರದ ಗಡಿಯನ್ನು ಸಿಆರ್‌ಪಿಎಫ್ ಪೊಲೀಸರು ಕಾಯುತ್ತಿದ್ದರು. ಅಕ್ಟೋಬರ್ 20ರಂದು ಹಾಟ್ ಸ್ಪ್ರಿಂಗ್ಸ್ ಎಂಬ ಜಾಗದಿಂದ ಮೂರು ತಂಡಗಳು ಗಸ್ತು ಹೊರಟವು. ಎರಡು ತಂಡ ವಾಪಸ್ ಬಂದವು. ಇಬ್ಬರು ಕಾನ್‌ಸ್ಟೆಬಲ್‌ಗಳು ಮತ್ತು ಸಾಮಾನು ಹೊರುವ ಒಬ್ಬ ಆಳು ಇದ್ದ ಮೂರನೇ ತಂಡ ಬರಲಿಲ್ಲ. ಮರುದಿನ ಕರಮ್ ಸಿಂಗ್ ಎಂಬ ಅಧಿಕಾರಿ ಸುಮಾರು 20 ಜನರನ್ನು ಕರೆದುಕೊಂಡು ಅವರನ್ನು ಹುಡುಕಲು ಹೋದರು. ಗುಡ್ಡದ ಮೇಲಿಂದ ಚೀನಾ ಸೈನಿಕರು ಗುಂಡಿನ ಮಳೆ ಸುರಿಸಿದರು. ಹತ್ತು ಮಂದಿ ಅಲ್ಲೇ ಬಿದ್ದರು, ಕೆಲವರು ಸೆರೆಸಿಕ್ಕರು. ಮುಂದಿನ ಜನವರಿಯಲ್ಲಿ, ಅಂದರೆ 1960ರಲ್ಲಿ, ಎಲ್ಲ ರಾಜ್ಯಗಳ ಪೊಲೀಸ್ ಮುಖ್ಯಸ್ಥರು ಸಭೆ ಸೇರಿ ಈ ದಿನವನ್ನು ಆಚರಿಸಲು ತೀರ್ಮಾನಿಸಿದರು.

ಅಂದರೆ ಅವರು ಯಾರ ಮೇಲೋ ದಂಡೆತ್ತಿ ಹೋದವರಲ್ಲ. ರಾತ್ರಿ ವಾಪಸ್ ಬಾರದ ಜೊತೆಗಾರರನ್ನು ಹುಡುಕಲು ಹೋದವರು. ಈ ಒಂದು ಮಾತು ಸೇರಿಸಿದರೆ ಅಕ್ಟೋಬರ್ 21ರ ಅರ್ಥವೇ ಬದಲಾಗುತ್ತದೆ. ಮೈದಾನದಲ್ಲಿ ಬಿಸಿಲಿಗೆ ನಿಂತ ಹೊಸ ಕಾನ್‌ಸ್ಟೆಬಲ್‌ಗೂ ಅದು ತನ್ನದೇ ಕಥೆ ಅನ್ನಿಸುತ್ತದೆ.

ನಮ್ಮ ಹಿರಿಯರಿಗೆ ಈ ವಿಷಯ ಚೆನ್ನಾಗಿ ಗೊತ್ತಿತ್ತು. ನಿಮ್ಮ ಊರಿನ ಕೆರೆ ಏರಿ ಮೇಲೋ, ಹಳೇ ಈಶ್ವರ ದೇವಸ್ಥಾನದ ಹಿಂದೆಯೋ ವೀರಗಲ್ಲು ಇದ್ದರೆ ಒಮ್ಮೆ ಹೋಗಿ ನೋಡಿ. ದನ ಹೊಡೆದುಕೊಂಡು ಹೋಗಲು ಬಂದವರನ್ನು ತಡೆಯಲು ಹೋಗಿ ಸತ್ತವನಿಗೆ, ಊರು ಕಾಯುತ್ತ ಸತ್ತವನಿಗೆ ನಿಲ್ಲಿಸಿದ ಕಲ್ಲುಗಳವು. ಸಾಮಾನ್ಯವಾಗಿ ಅದರಲ್ಲಿ ಮೂರು ಪಟ್ಟಿಕೆ ಇರುತ್ತವೆ. ಮೇಲಿನದರಲ್ಲಿ ಅವನು ದೇವರ ಸನ್ನಿಧಿಯಲ್ಲಿದ್ದಾನೆ, ನಡುವಿನದರಲ್ಲಿ ಅಪ್ಸರೆಯರು ಅವನನ್ನು ಒಯ್ಯುತ್ತಿದ್ದಾರೆ. ಎಲ್ಲಕ್ಕಿಂತ ಕೆಳಗಿನದರಲ್ಲಿ, ನೋಡುವವರ ಕಣ್ಣಿಗೆ ಮೊದಲು ಬೀಳುವ ಕಡೆ, ಅವನು ಕಾದಾಡುತ್ತಿದ್ದಾನೆ. ಎದುರಿಗೆ ಎಷ್ಟು ಜನ, ಕೈಯಲ್ಲಿ ಬಿಲ್ಲಿತ್ತೋ ಕತ್ತಿಯಿತ್ತೋ, ಪಕ್ಕದಲ್ಲಿ ದನಗಳಿದ್ದವೋ ಎಲ್ಲವನ್ನೂ ಕೆತ್ತಿದ್ದಾರೆ. ಹೇಗೆ ಸತ್ತ ಎಂಬುದನ್ನು ಮೊದಲು ಹೇಳಿ ಆಮೇಲೆ ಸ್ವರ್ಗಕ್ಕೆ ಕಳಿಸುತ್ತಿದ್ದರು.

ಅಷ್ಟೇ ಅಲ್ಲ. ಎಷ್ಟೋ ಕಲ್ಲುಗಳ ಮೇಲೆ ಸತ್ತವನ ಮನೆಯವರಿಗೆ ಭೂಮಿ ಬಿಟ್ಟುಕೊಟ್ಟ ವಿವರವಿದೆ. ಅದಕ್ಕೆ ನೆತ್ತರುಗೊಡಗೆ ಎನ್ನುತ್ತಿದ್ದರು, ರಕ್ತ ಸುರಿಸಿದ್ದಕ್ಕೆ ಕೊಟ್ಟ ಕೊಡುಗೆ. ಸುಮಾರು ಕ್ರಿ.ಶ. 450ರದ್ದು ಎನ್ನುವ, ಬೇಲೂರು ಹತ್ತಿರದ ಹಲ್ಮಿಡಿ ಶಾಸನವನ್ನು ನಾವೆಲ್ಲ ಪರೀಕ್ಷೆಗೆ ಬಾಯಿಪಾಠ ಮಾಡಿದವರೇ. ಅದರಲ್ಲಿರುವುದೂ ಒಬ್ಬ ವೀರನಿಗೆ 'ಬಾಳ್ಗಳ್ಚು' ಎಂದು, ಅಂದರೆ ಕತ್ತಿ ತೊಳೆದ ಗೌರವವೆಂದು, ಹಳ್ಳಿಗಳನ್ನು ಕೊಟ್ಟ ಸಂಗತಿ.

ಸತ್ತ ಜಾಗದ ಸುತ್ತಲಿನವರಿಗೆ ಕಾಣುವಂತೆ ಒಂದು ಕಲ್ಲು, ಕಲ್ಲಿನ ಮೇಲೆ ಅವನು ಸತ್ತ ಬಗೆ, ಅವನ ಮನೆಗೆ ಊರು ಕೊಟ್ಟ ಮಾತು. ಈ ಮೂರೂ ಸೇರಿದರೆ ಗೌರವ. ಇವತ್ತಿನ ನಮ್ಮ ಆಚರಣೆಯನ್ನು ಇದರ ಪಕ್ಕದಲ್ಲಿಟ್ಟು ನೋಡೋಣ.

ಕಲ್ಲಿಗೆ ಕೊರತೆಯಿಲ್ಲ. ದೆಹಲಿಯ ಚಾಣಕ್ಯಪುರಿಯಲ್ಲಿ 2018ರ ಅಕ್ಟೋಬರ್ 21ರಂದು ಉದ್ಘಾಟನೆಯಾದ ರಾಷ್ಟ್ರೀಯ ಪೊಲೀಸ್ ಸ್ಮಾರಕದಲ್ಲಿ 30 ಅಡಿ ಎತ್ತರದ, 238 ಟನ್ ತೂಕದ ಏಕಶಿಲೆಯಿದೆ. ಸ್ವಾತಂತ್ರ್ಯದ ನಂತರ ಪ್ರಾಣ ಕೊಟ್ಟ 34,000ಕ್ಕೂ ಹೆಚ್ಚು ಪೊಲೀಸರ ಹೆಸರುಗಳನ್ನು ಗೋಡೆಯ ಮೇಲೆ ಕೆತ್ತಿದ್ದಾರೆ. ಒಳ್ಳೆಯ ಕೆಲಸ. ಆದರೆ ಜೇವರ್ಗಿಯ ಒಬ್ಬ ತಾಯಿ ಮಗನ ಹೆಸರು ಮುಟ್ಟಿ ನೋಡಲು ದೆಹಲಿಗೆ ರೈಲು ಹತ್ತಬೇಕೆ?

ಜೇವರ್ಗಿಯ ಮಾತು ಸುಮ್ಮನೆ ಎತ್ತಲಿಲ್ಲ. 2023ರ ಜೂನ್‌ನಲ್ಲಿ ಆ ತಾಲ್ಲೂಕಿನ ನೆಲೋಗಿ ಠಾಣೆಯ ಹೆಡ್ ಕಾನ್‌ಸ್ಟೆಬಲ್ ಮಯೂರ ಚವ್ಹಾಣ ಅಕ್ರಮವಾಗಿ ಮರಳು ಸಾಗಿಸುತ್ತಿದ್ದ ಟ್ರ್ಯಾಕ್ಟರ್ ತಡೆಯಲು ಹೋದರು. ಟ್ರ್ಯಾಕ್ಟರ್ ಅವರ ಮೇಲೆಯೇ ಹರಿಯಿತು. ಮೈದಾನದಲ್ಲಿ ಓದುವಾಗ ಅವರು ಪಟ್ಟಿಯ ಒಂದು ಹೆಸರು. ಹೆಸರು ಓದಿದರೆ ಯಾರಿಗೂ ತೊಂದರೆಯಿಲ್ಲ. ಮರಳಿನ ಟ್ರ್ಯಾಕ್ಟರ್ ಹರಿದು ಸತ್ತರು ಎಂದು ಓದಿದರೆ ತೊಂದರೆ ಶುರುವಾಗುತ್ತದೆ. ಹೊಳೆಯಿಂದ ಆ ಮರಳು ಎತ್ತಿದವರು ಯಾರು? ರಾತ್ರಿ ಯಾವ ದಾರಿಯಲ್ಲಿ ಹೋಗುತ್ತದೆ, ಯಾರ ಕಟ್ಟಡಕ್ಕೆ ಹೋಗುತ್ತದೆ? ಇಂಥ ಗಾಡಿ ತಡೆಯಲು ಲಾಠಿ ಹಿಡಿದ ಒಬ್ಬಿಬ್ಬರನ್ನು ಕಳಿಸಿದರೆ ಸಾಕೆ? ಮುಂದಿನ ಸಾಲಿನ ಕುರ್ಚಿಗಳಲ್ಲಿ ಕುಳಿತ ಗಣ್ಯರು ಆ ಪ್ರಶ್ನೆಗಳನ್ನೂ ಕೇಳಿಸಿಕೊಳ್ಳಬೇಕಾಗುತ್ತದೆ. ಹೇಗೆ ಸತ್ತರೆಂದು ಹೇಳುವುದು ಇಷ್ಟು ಕಷ್ಟವಾಗಿರುವುದು ಇದಕ್ಕೇ ಇರಬೇಕು.

ಹಿಂದಿನ ಪ್ರಕರಣಗಳನ್ನು ನೋಡಿದರೂ ಹೀಗೆಯೇ. 2005ರ ಫೆಬ್ರುವರಿಯಲ್ಲಿ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ನಕ್ಸಲರು ರಾತ್ರಿ ಹೊತ್ತು ಕೆಎಸ್‌ಆರ್‌ಪಿ ಬಿಡಾರದ ಮೇಲೆ ದಾಳಿ ಮಾಡಿ ಪೊಲೀಸರನ್ನು ಕೊಂದರು. ಒಬ್ಬ ನಾಗರಿಕನೂ ಸತ್ತ. ಸಾಕೇತ್ ರಾಜನ್ ಎನ್‌ಕೌಂಟರ್ ಆಗಿ ಇನ್ನೂ ವಾರವೂ ಕಳೆದಿರಲಿಲ್ಲ. ಸೇಡಿನ ದಾಳಿ ಆಗಬಹುದು ಎಂದು ಯಾರಾದರೂ ಊಹಿಸಬಹುದಾಗಿದ್ದ ಸಮಯದಲ್ಲಿ ಆ ಸಿಬ್ಬಂದಿ ಶಾಲೆಯ ಕಟ್ಟಡದಲ್ಲಿ ಮಲಗಿದ್ದರು. ಈ ಕಥೆಯನ್ನು ಪೂರ್ತಿ ಹೇಳಿದರೆ ಅದು ಶ್ರದ್ಧಾಂಜಲಿಯೂ ಹೌದು, ಮುಂದಿನವರಿಗೆ ಪಾಠವೂ ಹೌದು. ಬಂದೋಬಸ್ತ್‌ಗೆ ಕಳಿಸಿದ ತುಕಡಿಯನ್ನು ಎಲ್ಲಿ ಇಳಿಸುತ್ತೀರಿ, ರಾತ್ರಿ ಅವರನ್ನು ಕಾಯುವವರು ಯಾರು ಎಂಬ ಪ್ರಶ್ನೆ ಇವತ್ತಿಗೂ ಹಳತಾಗಿಲ್ಲ.

2014ರ ಜನವರಿಯಲ್ಲಿ ಕಲಬುರಗಿಯಲ್ಲಿ ರೌಡಿಯೊಬ್ಬನನ್ನು ಹಿಡಿಯಲು ಹೋಗಿ ಗುಂಡೇಟು ತಿಂದ ಪಿಎಸ್‌ಐ ಮಲ್ಲಿಕಾರ್ಜುನ ಬಂಡೆ ಒಂದು ವಾರದ ನಂತರ ತೀರಿಕೊಂಡದ್ದು ಹೈದರಾಬಾದಿನ ಆಸ್ಪತ್ರೆಯಲ್ಲಿ. ಅವರ ಕಥೆಯಲ್ಲಿ ಧೈರ್ಯವೂ ಇದೆ, ನಮ್ಮ ಕಲ್ಯಾಣ ಕರ್ನಾಟಕದ ಆಸ್ಪತ್ರೆಗಳ ಸ್ಥಿತಿಯ ಪ್ರಶ್ನೆಯೂ ಇದೆ. 2015ರಲ್ಲಿ ನೆಲಮಂಗಲದಲ್ಲಿ ವಾಹನ ಕಳ್ಳರನ್ನು ಹಿಡಿಯಲು ಹೋಗಿ ಇರಿತಕ್ಕೆ ಬಲಿಯಾದ ದೊಡ್ಡಬಳ್ಳಾಪುರ ಠಾಣೆಯ ಪಿಎಸ್‌ಐ ಜಗದೀಶ್ ಅವರದೂ ಹಾಗೆಯೇ. ಅವರು ಸತ್ತದ್ದು ಅಕ್ಟೋಬರ್ 16ರಂದು, ಹುತಾತ್ಮರ ದಿನಕ್ಕೆ ಐದೇ ದಿನ ಇರುವಾಗ.

ಇನ್ನೊಂದು ಮಾತು, ಸ್ವಲ್ಪ ಕಹಿಯಾದದ್ದು. ಸತ್ತ ಮೇಲೂ ದರ್ಜೆ ಬಿಡುವುದಿಲ್ಲ. 1992ರ ಆಗಸ್ಟ್ 14ರಂದು ಮಿಣ್ಯಂ ಕಾಡಿನಲ್ಲಿ ವೀರಪ್ಪನ್ ಹೂಡಿದ ಬಲೆಗೆ ಬಿದ್ದು ಸತ್ತವರು ಯಾರು ಎಂದು ಯಾರನ್ನಾದರೂ ಕೇಳಿ. ಎಸ್‌ಪಿ ಹರಿಕೃಷ್ಣ, ಎಸ್‌ಐ ಶಕೀಲ್ ಅಹಮದ್ ಎನ್ನುತ್ತಾರೆ. ಆ ಇಬ್ಬರಿಗೆ ಸಲ್ಲಬೇಕಾದ ನೆನಪೇ ಅದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ಗುಂಡಿಗೆ, ಅದೇ ರಸ್ತೆಯಲ್ಲಿ ಸತ್ತ ಕಾನ್‌ಸ್ಟೆಬಲ್‌ಗಳು 'ಮತ್ತು ಸಿಬ್ಬಂದಿ' ಆಗಿಬಿಟ್ಟರು. ಅದೇ ವರ್ಷ ಮೇ ತಿಂಗಳಲ್ಲಿ ರಾಮಾಪುರ ಪೊಲೀಸ್ ಠಾಣೆಗೇ ನುಗ್ಗಿ ವೀರಪ್ಪನ್ ಗುಂಪು ಕೊಂದ ಪೊಲೀಸರ ಹೆಸರಂತೂ ಆ ಹೋಬಳಿ ದಾಟಿ ಈಚೆ ಬಂದಂತಿಲ್ಲ. ವೀರಪ್ಪನ್ ಮೇಲೆ ಸಿನಿಮಾ ಬಂದವು, ಸೀರಿಯಲ್ ಬಂತು, ಪುಸ್ತಕ ಬಂದವು. ಕೊಂದವನ ಮೀಸೆಯ ಅಳತೆ ನಮಗೆ ಗೊತ್ತು, ಸತ್ತವನ ಊರು ಯಾವುದೆಂದು ಗೊತ್ತಿಲ್ಲ.

ಗುಂಡಿಗೆ, ಇರಿತಕ್ಕೆ ಸತ್ತವರ ಕಥೆಯೇ ಹೀಗಾದರೆ ಉಳಿದವರ ಪಾಡೇನು? ಹೆದ್ದಾರಿಯಲ್ಲಿ ವಾಹನ ತಪಾಸಣೆ ಮಾಡುವಾಗ ಲಾರಿ ಗುದ್ದಿ ಸತ್ತವರಿದ್ದಾರೆ. ಗಣೇಶನ ಮೆರವಣಿಗೆ, ಜಾತ್ರೆ, ಚುನಾವಣೆ ಎಂದು ದಿನಗಟ್ಟಲೆ ನಿಂತು ಮನೆಗೆ ಬಂದು ಎದೆ ಹಿಡಿದುಕೊಂಡು ಬಿದ್ದವರಿದ್ದಾರೆ. ಕೋವಿಡ್ ಕಾಲದಲ್ಲಿ ಚೆಕ್‌ಪೋಸ್ಟ್‌ನಲ್ಲಿ ನಿಂತು ಸೋಂಕು ತಗುಲಿ ಹೋದವರಿದ್ದಾರೆ. ಇವರಲ್ಲಿ ಹುತಾತ್ಮ ಯಾರು, ಬರೀ ಮೃತ ಯಾರು? 'ಹುತಾತ್ಮ' ಅಥವಾ 'ಶಹೀದ್' ಎಂಬ ಪದಕ್ಕೆ ಅಧಿಕೃತ ವ್ಯಾಖ್ಯೆಯೇ ಇಲ್ಲವೆಂದು ಕೇಂದ್ರ ಗೃಹ ಸಚಿವಾಲಯವೇ ಸಂಸತ್ತಿನಲ್ಲಿ ಹೇಳಿದೆ. ಹಾಗಿರುವಾಗ ಈ ಮಾತು ಯಾರಿಗೆ ಹಚ್ಚುತ್ತೇವೆ, ಯಾರಿಗೆ ಬಿಡುತ್ತೇವೆ ಎನ್ನುವುದು ಆ ದಿನದ ಸುದ್ದಿಯ ಗದ್ದಲದ ಮೇಲೆ ನಿಂತುಬಿಡುತ್ತದೆ.

ಬಂದೋಬಸ್ತ್ ಮುಗಿಸಿ ಬರುವಾಗ ಅಪಘಾತದಲ್ಲಿ ತೀರಿಕೊಂಡ ಒಬ್ಬ ಕಾನ್‌ಸ್ಟೆಬಲ್ ಮನೆಗೆ ಕೆಲವು ವರ್ಷದ ಹಿಂದೆ ಹೋಗಿದ್ದೆ. ಆ ತಾಯಿ ಗಂಡನ ಸಾವಿನ ಸುದ್ದಿ ಬಂದಿದ್ದ ಪೇಪರಿನ ತುಂಡನ್ನು ಲ್ಯಾಮಿನೇಷನ್ ಮಾಡಿಸಿ ಇಟ್ಟುಕೊಂಡಿದ್ದರು. ಸಿಂಗಲ್ ಕಾಲಂ, ಆರು ಸಾಲು. ಮಗಳು ಶಾಲೆಯಲ್ಲಿ ಅಪ್ಪನ ಬಗ್ಗೆ ಬರೆಯಬೇಕಂತೆ, ಇದರಲ್ಲಿ ಏನೂ ಇಲ್ಲವಲ್ಲ ಸಾರ್, ನೀವು ಪೇಪರಿನವರು, ನಿಮಗೇನಾದರೂ ಗೊತ್ತಾ ಎಂದು ಕೇಳಿದರು. ಆವತ್ತು ಎಷ್ಟು ತಾಸು ಡ್ಯೂಟಿ ಮಾಡಿದ್ದರು, ಯಾಕೆ ಅಷ್ಟು ಹೊತ್ತಿಗೆ ಬೈಕಿನಲ್ಲಿ ಬರಬೇಕಾಯಿತು ಎಂಬುದು ಅವರ ಜೊತೆ ಡ್ಯೂಟಿ ಮಾಡಿದವರಿಗೆ ಗೊತ್ತು. ಆದರೆ ಅವರು ಹೇಳುವಂತಿಲ್ಲ.

ಯಾಕೆ ಹೇಳುವಂತಿಲ್ಲ ಎಂಬುದನ್ನೂ ತಿಳಿದುಕೊಳ್ಳಬೇಕು. ಪೊಲೀಸರು ಸಂಘ ಕಟ್ಟಿಕೊಳ್ಳುವುದಕ್ಕೆ, ಪತ್ರಿಕೆಗಳ ಜೊತೆ ಮಾತಾಡುವುದಕ್ಕೆ 1966ರ ಕೇಂದ್ರ ಕಾಯ್ದೆಯೊಂದು ಕಡಿವಾಣ ಹಾಕಿದೆ. 2016ರ ಜೂನ್ 4ರಂದು ಸಾಮೂಹಿಕ ರಜೆ ಹಾಕುತ್ತೇವೆ ಎಂದು ನಮ್ಮ ರಾಜ್ಯದ ಪೊಲೀಸರು ಹೊರಟಾಗ ಏನಾಯಿತು ಎಂಬುದು ನೆನಪಿರಬಹುದು. ಅವರು ಕೇಳಿದ್ದು ವಾರದ ರಜೆ, ಸರಿಯಾದ ಸಂಬಳ, ಮನುಷ್ಯರಂತೆ ನಡೆಸಿಕೊಳ್ಳುವುದು. ಸರ್ಕಾರ ಎಸ್ಮಾ ತೋರಿಸಿತು. ಆಮೇಲೆ ಔರಾದ್ಕರ್ ಸಮಿತಿ ವರದಿ ಬಂದು, ಅದರಂತೆ ಸಂಬಳ ಪರಿಷ್ಕರಣೆಯಾಗಲು 2019 ಬರಬೇಕಾಯಿತು. ಬದುಕಿರುವವನೇ ತನ್ನ ಕಷ್ಟ ಹೇಳುವಂತಿಲ್ಲ ಎಂದ ಮೇಲೆ ಸತ್ತವನ ಪರವಾಗಿ ಹೇಳುವವರು ಯಾರು? ಆ ಕೆಲಸ ಊರಿನವರದು, ನಮ್ಮಂಥ ಪತ್ರಕರ್ತರದು.

ಇಲ್ಲಿ ನನ್ನ ಕೆಲವು ಗೆಳೆಯರು ಮುಖ ಸಿಂಡರಿಸುವುದು ನನಗೆ ಗೊತ್ತು. ಠಾಣೆ ಮೆಟ್ಟಿಲು ಹತ್ತಿದ ಬಡವನನ್ನು ಏಕವಚನದಲ್ಲಿ ಗದರಿಸುವ, ದೂರು ತೆಗೆದುಕೊಳ್ಳಲು ಕೈ ಚಾಚುವ, ಲಾಕಪ್‌ನಲ್ಲಿ ಹೊಡೆಯುವ ಇಲಾಖೆಯ ಪರವಾಗಿ ಯಾಕೆ ಬರೆಯುತ್ತೀಯಾ ಎನ್ನುತ್ತಾರೆ. ಅವರ ಸಿಟ್ಟು ಸುಳ್ಳಲ್ಲ. ಲಾಕಪ್ ಸಾವುಗಳ ಬಗ್ಗೆ ಬರೆಯುವುದನ್ನು ಯಾರೂ ನಿಲ್ಲಿಸಬೇಕಿಲ್ಲ, ಹುತಾತ್ಮರ ಹೆಸರನ್ನು ಅದಕ್ಕೆ ಗುರಾಣಿ ಮಾಡಿಕೊಳ್ಳಲೂ ಬಿಡಬಾರದು. ಆದರೆ ಹೇಗೆ ಸತ್ತರೆಂದು ಹೇಳಬೇಕು ಎನ್ನುವ ನಿಯಮ ಎರಡೂ ಕಡೆಗೆ ಒಂದೇ. ಲಾಕಪ್‌ನಲ್ಲಿ ಸತ್ತವನ ಬಗ್ಗೆಯೂ ನಾವು ಕೇಳುವುದು ಅದನ್ನೇ ಅಲ್ಲವೇ? ಮರಳು ದಂಧೆಯವರ ಟ್ರ್ಯಾಕ್ಟರಿಗೆ ಎದುರು ನಿಂತವನನ್ನೂ, ಅದೇ ದಂಧೆಯವರಿಂದ ಮಾಮೂಲಿ ತೆಗೆದುಕೊಳ್ಳುವವನನ್ನೂ ಒಂದೇ ಖಾಕಿ ಎಂದು ಒಟ್ಟಿಗೆ ಬೈದರೆ ಲಾಭ ಯಾರಿಗೆ? ಎರಡನೆಯವನಿಗೇ.

ಇನ್ನು ಉಳಿದದ್ದು ಮನೆಯವರಿಗೆ ಕೊಟ್ಟ ಮಾತು, ಇವತ್ತಿನ ನೆತ್ತರುಗೊಡಗೆ. ಸಾವಾದ ದಿನ ಮಂತ್ರಿಗಳು ಪರಿಹಾರ ಘೋಷಿಸುತ್ತಾರೆ, ಕುಟುಂಬಕ್ಕೆ ನೌಕರಿ ಎನ್ನುತ್ತಾರೆ. ಅಲ್ಲಿಂದ ಮುಂದೆ ಶುರುವಾಗುವುದು ಫೈಲಿನ ಪ್ರಯಾಣ. ಅನುಕಂಪದ ನೌಕರಿಗೆ 1996ರ ನಿಯಮಗಳಿವೆ. ಸಾವಾದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಆ ಒಂದು ವರ್ಷದಲ್ಲಿ ಆ ಮನೆಯಲ್ಲಿ ಏನೇನಾಗುತ್ತದೆ ನೋಡಿ. ತಿಥಿ, ಮರಣ ಪ್ರಮಾಣಪತ್ರ, ವಂಶವೃಕ್ಷ, ಬ್ಯಾಂಕ್ ಸಾಲ, ಮಕ್ಕಳ ಟಿಸಿ, ಕ್ವಾರ್ಟರ್ಸ್ ಖಾಲಿ ಮಾಡುವ ಚಿಂತೆ. ಅತ್ತೆ ಮನೆಯವರು ಮೈದುನನಿಗೆ ನೌಕರಿ ಕೊಡಿಸು ಎನ್ನುತ್ತಾರೆ, ತವರಿನವರು ನೀನೇ ಹೋಗು ಎನ್ನುತ್ತಾರೆ. ಗಂಡ ಬದುಕಿದ್ದಾಗ ಎಸ್‌ಪಿ ಕಚೇರಿಯ ಗೇಟನ್ನೂ ನೋಡದ ಹೆಣ್ಣುಮಗಳು ಕೇಸ್‌ವರ್ಕರ್ ಮುಂದೆ ನಿಂತು ತನ್ನ ಫೈಲು ಯಾವ ಮೇಜಿನ ಮೇಲಿದೆ ಎಂದು ಕೇಳಬೇಕು. ಹುತಾತ್ಮರ ದಿನ ಆಕೆಯನ್ನು ಮೈದಾನಕ್ಕೆ ಕರೆದು ಶಾಲು ಹೊದಿಸುತ್ತಾರೆ. ಶಾಲಿಗಿಂತ ಆ ಮೇಜಿನ ವಿಳಾಸ ಆಕೆಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಹಾಗಾದರೆ ಏನು ಮಾಡಬಹುದು? ದೊಡ್ಡ ಬಜೆಟ್ ಬೇಡದ ನಾಲ್ಕು ಕೆಲಸ ಹೇಳುತ್ತೇನೆ.

ಒಂದು, ಸತ್ತವರು ಕೆಲಸ ಮಾಡುತ್ತಿದ್ದ ಠಾಣೆಯ ಮುಂದೆ, ಸಾಧ್ಯವಾದರೆ ಸತ್ತ ಜಾಗದಲ್ಲೂ, ಒಂದು ಕಲ್ಲು. ಅದರ ಮೇಲೆ ಹೆಸರು, ಊರು, ದಿನಾಂಕ ಮತ್ತು ಹೇಗೆ ಸತ್ತರೆಂದು ಕನ್ನಡದಲ್ಲಿ ನಾಲ್ಕು ಸಾಲು. ಎಸ್‌ಪಿಗೆ ದೊಡ್ಡ ಕಲ್ಲು, ಪಿಸಿಗೆ ಸಣ್ಣ ಕಲ್ಲು ಆಗಬಾರದು.

ಎರಡು, ಅಕ್ಟೋಬರ್ 21ರಂದು ದೇಶದ ಪಟ್ಟಿ ಓದಿದ ಮೇಲೆ ಆ ಜಿಲ್ಲೆಯವರದ್ದನ್ನು ಬೇರೆಯಾಗಿ ಓದಲಿ. ಹಿಂದಿನ ವರ್ಷದವರಷ್ಟೇ ಸಾಲದು, ಜಿಲ್ಲೆಯಲ್ಲಿ ಈವರೆಗೆ ಸತ್ತ ಎಲ್ಲರದೂ, ಪ್ರತಿಯೊಬ್ಬರಿಗೂ ಎರಡು ಸಾಲಿನ ಕಥೆಯೊಂದಿಗೆ. ಹೆಸರು ಎರಡು ನಿಮಿಷ ಹೆಚ್ಚು ಓದಿದರೆ ಯಾರಿಗೂ ನಷ್ಟವಿಲ್ಲ. ಭಾಷಣವನ್ನು ಎರಡು ನಿಮಿಷ ಕಡಿಮೆ ಮಾಡಿದರಾಯಿತು.

ಮೂರು, ಅಲ್ಲೇ, ಅದೇ ಮೈಕಿನಲ್ಲಿ, ಲೆಕ್ಕ ಒಪ್ಪಿಸಲಿ. ಇಂಥವರ ಮನೆಗೆ ಪಿಂಚಣಿ ಶುರುವಾಗಿದೆ, ಇಂಥವರ ನೌಕರಿ ಫೈಲು ಇಲ್ಲಿದೆ, ಇಂಥವರನ್ನು ಕೊಂದವರ ಮೇಲಿನ ಕೇಸು ಕೋರ್ಟಿನಲ್ಲಿ ಈ ಹಂತದಲ್ಲಿದೆ ಎಂದು. ಜಿಲ್ಲಾಧಿಕಾರಿ, ನ್ಯಾಯಾಧೀಶರು ಎದುರಿಗೇ ಕುಳಿತಿರುತ್ತಾರೆ. ಅದಕ್ಕಿಂತ ಒಳ್ಳೆಯ ಸಭೆ ವರ್ಷದಲ್ಲಿ ಮತ್ತೊಂದು ಸಿಗುವುದಿಲ್ಲ. ಏಪ್ರಿಲ್ 2ರ ಪೊಲೀಸ್ ಧ್ವಜ ದಿನಾಚರಣೆಯಲ್ಲಿ ಧ್ವಜ ಮಾರಿ ಕಲ್ಯಾಣ ನಿಧಿಗೆ ಹಣ ಸೇರಿಸುತ್ತಾರಲ್ಲ, ಆ ಹಣದಲ್ಲಿ ಎಷ್ಟು ಯಾವ ಮನೆಗೆ ತಲುಪಿತು ಎಂಬುದನ್ನೂ ಆಗಲೇ ಹೇಳಬಹುದು.

ನಾಲ್ಕನೆಯದು ನಮ್ಮ ಪಾಲಿನದು. ಜಿಲ್ಲೆಗೊಬ್ಬ ವರದಿಗಾರ ವರ್ಷಕ್ಕೆ ಒಂದು ಮನೆಯ ಕಥೆ ಬರೆದರೂ ಸಾಕು, ಐದು ವರ್ಷದಲ್ಲಿ ರಾಜ್ಯದಲ್ಲಿ ನೂರೈವತ್ತು ಮನೆಗಳ ಕಥೆ ಸಿಗುತ್ತದೆ. ಅಕ್ಟೋಬರ್‌ನಲ್ಲಿ ಹೋಗಬೇಡಿ, ಆಗ ಎಲ್ಲರೂ ಹೋಗುತ್ತಾರೆ. ಮಾರ್ಚ್‌ನಲ್ಲೋ, ಜುಲೈನಲ್ಲೋ, ಯಾರೂ ನೆನಪಿಸಿಕೊಳ್ಳದ ಒಂದು ದಿನ ಹೋಗಿ. ಡೆಸ್ಕ್‌ನವರು ಜಾಗವಿಲ್ಲ ಎಂದರೆ ಈ ಬ್ಲಾಗಿಗೆ ಕಳಿಸಿ, ಇಲ್ಲಿ ಜಾಗಕ್ಕೆ ಬರವಿಲ್ಲ. ಬರೆದದ್ದರ ಒಂದು ಪ್ರತಿಯನ್ನು ಆ ಮನೆಗೆ ತಪ್ಪದೆ ಕೊಟ್ಟು ಬನ್ನಿ. ಶಾಲೆಯಲ್ಲಿ ಅಪ್ಪನ ಬಗ್ಗೆ ಬರೆಯಬೇಕಾದ ಮಕ್ಕಳು ಅಲ್ಲಿರುತ್ತಾರೆ.